ದ್ವಂದ್ವವನ್ನು ಗೆಲಿದ ಪ್ರಭುದೇವರು

ಲೋಕವ್ಯವಹಾರವೆಲ್ಲವೂ ದ್ವಂದ್ವಗಳ ಮೇಲೆ ನಿಂತಿರುವುದು. ಹಗಲು ಇರುಳು, ಸುಖ ದುಃಖ, ಹೆಣ್ಣು ಗಂಡು, ಮೇಲು ಕೀಳು, ಮನೆ ಮಠ, ತನ್ನವರು ಅನ್ಯರು ಎಂದು ಎರಡೆರಡಾಗಿ ವಿಂಗಡಿಸದೆ ಮನುಷ್ಯನ ಮಾತು ಮುಂದುವರಿಯದು. ಮಾತು ಮುಂದುವರಿಯದಿದ್ದರೆ ವಿಚಾರವೂ ಮುಂದುವರಿಯದು. ಫ್ರಾನ್ಸ್ ದೇಶದ ಪಂಡಿತನಾದ ಲೆವಿ ಸ್ತ್ರೋಸ್ ಎಂಬಾತನು ನಾನಾ ಜನಾಂಗಗಳ ಪುರಾಣಕಥೆಗಳನ್ನು ಶೋಧಿಸಿ, ಹಸಿಯದು ಬೆಂದದ್ದು, ಕಾಡು ನಾಡು ಎಂಬಂತಹ ಜೋಡಿಗಳೇ ಆ ಕಥೆಗಳ ತೊಲೆಕಂಬಗಳೆಂದು ತೋರಿಸಿದನು. ಅವನ ತರುವಾಯ ಬಂದ ದೆರಿದಾ ಎಂಬಾತನು ಇನ್ನೊಂದು ಸೂಕ್ಷ್ಮವನ್ನು ಕಂಡನು. ಇಂತಹ ಜೋಡಿಗಳಲ್ಲಿ ಎರಡೂ ಸಮನಾಗಿರುವುದಿಲ್ಲ. ಒಂದು ಮೇಲೇರಿ ಕುಳಿತು ಇನ್ನೊಂದನ್ನು ತುಳಿಯುತ್ತಿರುತ್ತದೆ ಎಂಬುದೇ ಆ ಸೂಕ್ಷ್ಮವು. ಇವು ಇಪ್ಪತ್ತನೆಯ ಶತಮಾನದ ವಿಚಾರಗಳು. ಆದರೆ ಅದಕ್ಕೆ ಎಂಟುನೂರು ವರ್ಷಗಳ ಹಿಂದೆಯೇ, ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಹುಟ್ಟಿದ ಒಬ್ಬ ಮಹಾಪುರುಷರು ಈ ಜೋಡಿಗಳ ಕಟ್ಟನ್ನು ಬಾಳಿನಲ್ಲಿಯೇ ಬಿಚ್ಚಿ ತೋರಿಸಿದರು. ಅವರೇ ಶೂನ್ಯಸಿಂಹಾಸನಾಧೀಶ್ವರರಾದ ಶ್ರೀ ಅಲ್ಲಮಪ್ರಭುದೇವರು. ಅವರ ಚರಿತ್ರೆಯನ್ನು ಈ ದೃಷ್ಟಿಯಿಂದ ಒಮ್ಮೆ ಅವಲೋಕಿಸುವುದು ಗೃಹಸ್ಥರಾದ ಸದ್ಭಕ್ತರಿಗೆ ಹಿತಕರವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಪ್ರಭುದೇವರ ಜನ್ಮಭೂಮಿಯನ್ನು ನೋಡೋಣ. ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿಯು ಇಂದು ಸಣ್ಣ ಊರು. ಹನ್ನೆರಡನೆಯ ಶತಮಾನದಲ್ಲಿ ಅದು ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆಯುತ್ತಿದ್ದಿತು. ಇಂದಿನ ಶಿಕಾರಿಪುರ, ಸೊರಬ ತಾಲೂಕುಗಳ ಬಹುಭಾಗವು ಆಗ ನಾಗರಖಂಡ, ಜಿಡ್ಡುಳಿಗೆ ಮೊದಲಾದ ನಾಡುಗಳೆನಿಸಿ ಆ ಪ್ರಾಂತಕ್ಕೆ ಸೇರಿದ್ದಿತು. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳೂ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವೂ ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿವೆ. ಅಲ್ಲಿ ಶೈವರು, ವೈಷ್ಣವರು, ಜೈನರು, ಬೌದ್ಧರು ಎಲ್ಲರೂ ತಮ್ಮ ತಮ್ಮ ಆಲಯಗಳನ್ನು ಕಟ್ಟಿಕೊಂಡು ಬಾಳುತ್ತಿದ್ದರು. ಕೇದಾರೇಶ್ವರಕ್ಕೆ ಸಂಬಂಧಿಸಿದ ಕೋಡಿಯಮಠದ 1162ರ ಶಾಸನವನ್ನು ಓದಿದರೆ ಹೃದಯವು ಅರಳುವುದು. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿಯೇ ಕುಂಟರು, ಕುರುಡರು, ಕಿವುಡರು ಮೊದಲಾದ ಅನಾಥರಿಗೂ, ಗಾಯಕ ವಾದಕ ನರ್ತಕರಿಗೂ, ಜೈನ ಕ್ಷಪಣಕರಿಗೂ, ನಾನಾ ಪಂಥದ ಸಂನ್ಯಾಸಿಗಳಿಗೂ ಅನ್ನವು ದೊರೆಯುತ್ತಿದ್ದಿತು. ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದಿತು. ಇಂತಹ ಊರಿನಲ್ಲಿ ಬೆಳೆಯುವ ಬಾಲಕನ ಕಣ್ಣಿಗೆ ತನ್ನದು ಪರರದು ಎಂಬ ಗೋಡೆಯು ಅಷ್ಟು ಎತ್ತರವಾಗಿ ಕಾಣಲಾರದು.

ಸಮೀಪದ ತಾಳಗುಂದದ ಶಾಸನವೂ ಇಂತಹುದೇ ಒಂದು ಜೋಡಿಯ ಕಥೆಯನ್ನು ಹೇಳುತ್ತದೆ. ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕೆಂದು ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ಅಪಮಾನಿತನಾಗಿ, ದರ್ಭೆಯನ್ನು ಹಿಡಿಯುತ್ತಿದ್ದ ಕೈಯಿಂದ ಖಡ್ಗವನ್ನು ಹಿಡಿದು ಕದಂಬ ರಾಜ್ಯವನ್ನು ಸ್ಥಾಪಿಸಿದನು. ಶಾಸ್ತ್ರ ಶಸ್ತ್ರಗಳೆಂಬ ಎರಡರಲ್ಲಿ ಅವನು ಒಂದನ್ನು ಬಿಟ್ಟು ಮತ್ತೊಂದನ್ನು ಕೈಗೊಂಡನು. ಲೋಕದ ವೀರರು ಮಾಡುವುದು ಹೀಗೆಯೇ. ಪ್ರಭುದೇವರ ಮಾರ್ಗವು ಬೇರೆಯಾಗಿದ್ದಿತು. ಅವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿಲ್ಲ. ಎರಡನ್ನೂ ಹಡೆದ ಭ್ರಾಂತಿಯ ಬೇರನ್ನೇ ಅಗೆದು ನೋಡಿದರು.

ಪ್ರಭುದೇವರ ಪೂರ್ವಾಶ್ರಮದ ಚರಿತ್ರೆಯು ನಮಗೆ ಎರಡು ರೂಪಗಳಲ್ಲಿ ಬಂದಿದೆ. ಸುಮಾರು 1200ರ ಕಾಲದಲ್ಲಿ ಹಂಪೆಯ ಹರಿಹರ ಮಹಾಕವಿಯು ರಗಳೆಯಲ್ಲಿ ಹೇಳಿದ್ದು ಒಂದು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಆಳಿಕೆಯಲ್ಲಿ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಹೇಳಿದ್ದು ಇನ್ನೊಂದು. ಇವೆರಡೂ ಹಗಲಿರುಳುಗಳಂತೆ ಒಂದಕ್ಕೊಂದು ಎದುರಾಗಿ ನಿಂತಿರುವುವು. ಆದುದರಿಂದ ಎರಡನ್ನೂ ಸಂಕ್ಷೇಪವಾಗಿ ತಿಳಿಯಬೇಕು.

ಹರಿಹರನ ಪ್ರಕಾರ ಅಲ್ಲಮನು ಬಳ್ಳಿಗಾವೆಯ ನಾಗವಾಸಾಧಿಪತಿಯ ಮಗನು. ಕೈಲಾಸದಲ್ಲಿ ಶಿವಗಣನಾಗಿದ್ದವನು ಒಂದು ಮೋಹದ ನೋಟದ ಫಲವಾಗಿ ಭೂಮಿಯಲ್ಲಿ ಜನಿಸಿದನು. ದೇವಾಲಯದ ನೃತ್ಯ ಗೀತಗಳ ಪರಿಸರದಲ್ಲಿ ಬೆಳೆದು ಮದ್ದಳೆ ನುಡಿಸುವುದರಲ್ಲಿ ಅಸಾಧಾರಣ ಪ್ರೌಢಿಮೆಯನ್ನು ಪಡೆದನು. ಕಮಲತೆ ಎಂಬ ಸುಂದರಿಯಲ್ಲಿ ಅನುರಕ್ತನಾಗಿ ಅವಳ ಕೈಹಿಡಿದು, ಬೇರೊಂದು ಲೋಕವೇ ಇಲ್ಲವೆಂಬಂತೆ ಬಾಳಿದನು. ಆದರೆ ಆ ಸುಖವು ಬಹುಕಾಲ ನಿಲ್ಲಲಿಲ್ಲ. ಕಮಲತೆಯು ಜ್ವರದಿಂದ ಪೀಡಿತಳಾಗಿ ಮೃತಳಾದಳು. ಅಲ್ಲಮನು ಶೋಕದಿಂದ ಮರುಳಾಗಿ, ಕಂಡಕಂಡಲ್ಲಿ ಅವಳನ್ನೇ ಹುಡುಕುತ್ತ ಅಲೆದನು. ಒಂದು ದಿನ ಊರ ಹೊರಗಿನ ತೋಪಿನಲ್ಲಿ ಕುಳಿತು, ಚಿಂತೆಯಲ್ಲಿ ಮುಳುಗಿ, ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದಾಗ ಮಣ್ಣಿನೊಳಗೆ ಒಂದು ಹೊನ್ನ ಕಳಶವು ಮಿನುಗಿತು. ಅಗೆಯಿಸಿ ನೋಡಲು ಕೆಳಗೆ ಒಂದು ದೇಗುಲವೇ ಇದ್ದಿತು. ಬಾಗಿಲನ್ನು ಒದೆದು ಒಳಹೊಕ್ಕಾಗ, ಕರಸ್ಥಲದ ಲಿಂಗದಲ್ಲಿ ದೃಷ್ಟಿಯನ್ನು ನಟ್ಟು ಎವೆಯಿಕ್ಕದೆ ಕುಳಿತಿದ್ದ ಅನಿಮಿಷಯ್ಯನೆಂಬ ಶಿವಯೋಗಿಯು ಕಾಣಿಸಿದನು. ಆ ಲಿಂಗವು ಅಲ್ಲಮನ ಕೈಸೇರಿತು. ಅನಿಮಿಷಯ್ಯನ ಪ್ರಾಣವು ಬಯಲಾಯಿತು. ಒಳಹೊಕ್ಕವನು ಅಲ್ಲಮ, ಹೊರಬಂದವರು ಪ್ರಭುದೇವರು.

ಚಾಮರಸನ ಕಾವ್ಯದಲ್ಲಿ ಕಥೆಯು ಬೇರೆಯಾಗಿದೆ. ಇಪ್ಪತ್ತೈದು ಗತಿಗಳ, 1111 ಭಾಮಿನೀಷಟ್ಪದಿಗಳ ಆ ಕಾವ್ಯವು ಕೈಲಾಸದ ಒಂದು ವಾದದಿಂದ ಆರಂಭವಾಗುವುದು. ಅಲ್ಲಮನನ್ನು ಯಾವ ಮಾಯೆಯೂ ಗೆಲ್ಲಲಾರದೆಂದು ಶಿವನು ಹೇಳಲು, ಪಾರ್ವತಿಯು ತನ್ನ ತಾಮಸಕಳೆಯನ್ನು ಭೂಮಿಗೆ ಕಳುಹುತ್ತಾಳೆ. ಅದು ಬನವಾಸಿಯ ದೊರೆಯಾದ ಮಮಕಾರನಿಗೂ ರಾಣಿಯಾದ ಮೋಹಿನಿಗೂ ಮಗಳಾಗಿ ಮಾಯೆಯೆಂಬ ಹೆಸರಿನಿಂದ ಬೆಳೆಯುತ್ತದೆ. ಅತ್ತ ಅಲ್ಲಮನು ನಿರಹಂಕಾರ ಸುಜ್ಞಾನಿಯರೆಂಬ ದಂಪತಿಗಳ ಮಗನಾಗುತ್ತಾನೆ. ವರದಾ ತೀರದ ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಅವನ ಮದ್ದಳೆಗೆ ಮರುಳಾದ ಮಾಯೆಯು ಅವನನ್ನು ಒಲಿಸಲು ಮಾಡಿದ ಪ್ರಯತ್ನಗಳೆಲ್ಲವೂ ವ್ಯರ್ಥವಾಗುತ್ತವೆ. ಹಿಡಿಯಲು ಹೋದಷ್ಟೂ ಅವನು ಬಯಲಾಗುತ್ತಾನೆ. ಇಲ್ಲಿ ಕಮಲತೆಯಿಲ್ಲ, ಶೋಕವಿಲ್ಲ, ಮರುಳಾಟವಿಲ್ಲ. ಪ್ರಭುವು ಮೊದಲಿನಿಂದಲೂ ಪ್ರಭುವೇ.

ನಮ್ಮ ಮಠಗಳಲ್ಲಿ ಪುರಾಣಪ್ರವಚನಕ್ಕೆ ಬಹುವಾಗಿ ರೂಢಿಯಾದುದು ಪ್ರಭುಲಿಂಗಲೀಲೆಯೇ. ಅದು ಶಿವಪ್ರಕಾಶ ಸ್ವಾಮಿಗಳಿಂದ ತಮಿಳಿಗೂ ಅನುವಾದಗೊಂಡು ಆ ನಾಡಿನಲ್ಲಿಯೂ ಮಾನ್ಯವಾಗಿದೆ. ಈ ಲೇಖಕನೂ ಅಧ್ಯಾಪಕವೃತ್ತಿಯ ಮೊದಲ ವರ್ಷಗಳಲ್ಲಿ ಮಠದ ಪಾಠಶಾಲೆಯ ವಿದ್ಯಾರ್ಥಿಗಳಿಗೆ ಚಾಮರಸನ ಕಥೆಯನ್ನು ಮಾತ್ರ ಹೇಳಿ, ಹರಿಹರನ ಕಥೆಯನ್ನು ಮರೆಮಾಚುತ್ತಿದ್ದನು. ಹೆಂಡತಿಯ ಮರಣಕ್ಕೆ ಅತ್ತು ಹುಚ್ಚನಂತೆ ಅಲೆದವನು ಹೇಗೆ ಪ್ರಭುವಾದಾನು, ಹಾಗೆಂದು ಹೇಳಿದರೆ ಬಾಲಕರ ಭಕ್ತಿಗೆ ಕುಂದು ಬಾರದೆ ಎಂಬ ಅಳುಕು ಅದಕ್ಕೆ ಕಾರಣವಾಗಿದ್ದಿತು. ಶುದ್ಧನಾದವನಿಗೆ ರಾಗವಿಲ್ಲ, ರಾಗವಿದ್ದವನು ಶುದ್ಧನಲ್ಲ ಎಂಬ ಜೋಡಿಯೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಆ ಅಳತೆಯಿಂದಲೇ ಪ್ರಭುದೇವರನ್ನು ಅಳೆಯಲು ಹೊರಟಿದ್ದೆನೆಂಬುದು ಆಗ ತಿಳಿಯಲಿಲ್ಲ.

ಅದನ್ನು ತಿಳಿಸಿದವರು ಒಬ್ಬ ರೈತರು. ಸೊರಬದ ಕಡೆಯ ಆ ಗೃಹಸ್ಥರು ಪತ್ನೀವಿಯೋಗದಿಂದ ನೊಂದು, ಅಮಾವಾಸ್ಯೆಯ ಪುರಾಣಕ್ಕೆಂದು ಮಠಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಒಂದು ದಿನ ಪುರಾಣ ಮುಗಿದ ಮೇಲೆ ಬಳಿಗೆ ಬಂದು, ಲಿಂಗಪೂಜೆಗೆ ಕುಳಿತರೆ ಕಣ್ಣೆದುರಿಗೆ ಲಿಂಗದ ಬದಲು ಹೆಂಡತಿಯ ಮುಖವೇ ನಿಲ್ಲುವುದೆಂದೂ, ಇದು ಪಾಪವಲ್ಲವೇ ಎಂದೂ ತಗ್ಗಿದ ದನಿಯಲ್ಲಿ ಕೇಳಿದರು. ಮಾಯೆಯನ್ನು ಗೆಲ್ಲಬೇಕೆಂಬ ಉಪದೇಶವನ್ನು ಅವರು ಅದುವರೆಗೆ ಬೇಕಾದಷ್ಟು ಕೇಳಿದ್ದರು. ಅದರಿಂದ ಅವರ ನೋವಿಗೆ ತಾನು ಅಪರಾಧಿಯೆಂಬ ಭಾರವೊಂದು ಸೇರಿತ್ತೇ ಹೊರತು ಶಾಂತಿ ಬಂದಿರಲಿಲ್ಲ. ಆಗ ಬೇರೆ ದಾರಿ ಕಾಣದೆ ಹರಿಹರನ ಕಥೆಯನ್ನು ಅವರಿಗೆ ಹೇಳಬೇಕಾಯಿತು. ಅಲ್ಲಮನು ತೋಪಿನಲ್ಲಿ ಕುಳಿತು ನೆಲ ಕೆರೆಯುವ ಪ್ರಸಂಗಕ್ಕೆ ಬಂದಾಗ ಅವರು ಮೌನವಾಗಿ ಕಣ್ಣೊರಸಿಕೊಂಡರು. ಮುಂದಿನ ಅಮಾವಾಸ್ಯೆಗೆ ಬಂದಾಗ, ಪೂಜೆಗೆ ಕುಳಿತಾಗ ಹೆಂಡತಿಯ ಮುಖವು ಈಗಲೂ ಬರುವುದೆಂದೂ, ಬಂದರೆ ಬರಲೆಂದು ಅದನ್ನೂ ಲಿಂಗಕ್ಕೆ ಒಪ್ಪಿಸುತ್ತಿರುವೆನೆಂದೂ ಹೇಳಿದರು. ಅಂದಿನಿಂದ ಈ ಲೇಖಕನು ವಿದ್ಯಾರ್ಥಿಗಳಿಗೆ ಎರಡು ಕಥೆಗಳನ್ನೂ ಹೇಳುತ್ತ ಬಂದಿದ್ದಾನೆ.

ಹರಿಹರನ ಕಥೆಯ ಮರ್ಮವನ್ನು ಸಾವಧಾನದಿಂದ ನೋಡಬೇಕು. ಅಲ್ಲಮನಿಗೆ ಗುರುವು ದೊರೆತುದು ಶೋಕವನ್ನು ಜಯಿಸಿದ ತರುವಾಯವಲ್ಲ, ಶೋಕದ ನಡುವೆಯೇ. ನೆಲವನ್ನು ಕೆರೆದ ಉಗುರು ವಿರಹಿಯ ಉಗುರು. ಕಳಶವನ್ನು ಕಂಡ ಕಣ್ಣು ಅತ್ತು ಕೆಂಪಾದ ಕಣ್ಣು. ಪ್ರೀತಿಯು ಒಂದು ದಡ, ಮುಕ್ತಿಯು ಇನ್ನೊಂದು ದಡ ಎಂದು ನಾವು ತಿಳಿದಿರುವೆವು. ಕವಿಯಾದರೋ ಪ್ರೀತಿಯ ನೆಲದಡಿಯಲ್ಲಿಯೇ ದೇಗುಲವಿದ್ದಿತೆಂದು ಹೇಳುತ್ತಾನೆ. ಕಮಲತೆಯು ಅಲ್ಲಮನಿಗೆ ಅಡ್ಡಿಯಾಗಲಿಲ್ಲ. ಅವಳ ಅಗಲಿಕೆಯೇ ಬಾಗಿಲಾಯಿತು. ಹಾಗೆಂದ ಮಾತ್ರಕ್ಕೆ ಮೋಹವೇ ಮುಕ್ತಿಯೆಂದು ಯಾರೂ ಭ್ರಮಿಸಬಾರದು. ಶೋಕಿಸಿದವರೆಲ್ಲರೂ ನೆಲವನ್ನು ಅಗೆಯುವುದಿಲ್ಲ. ಅಗೆದವರೆಲ್ಲರೂ ಬಾಗಿಲನ್ನು ಒದೆಯುವುದಿಲ್ಲ. ಕಾಲನು ಕೊಂಡೊಯ್ಯುವ ವಸ್ತುವಿನಲ್ಲಿ ಇಷ್ಟು ತೀವ್ರವಾಗಿ ನಟ್ಟ ಮನಸ್ಸು ಕಾಲಾತೀತವಾದುದರಲ್ಲಿ ನಟ್ಟರೆ ಏನಾದೀತೆಂಬುದನ್ನು ಅಲ್ಲಮನು ಮಾಡಿ ತೋರಿಸಿದನು.

ಹಾಗಾದರೆ ಚಾಮರಸನ ಕಥೆಯು ಸುಳ್ಳೇ ಎಂದು ಕೆಲವರು ಕೇಳಬಹುದು. ಎರಡರಲ್ಲಿ ಒಂದು ನಿಜ, ಇನ್ನೊಂದು ಸುಳ್ಳು ಎನ್ನುವುದೂ ಅದೇ ಜೋಡಿಯ ಜಾಡಿನಲ್ಲಿ ನಡೆದ ಪ್ರಶ್ನೆಯೇ ಆಗಿರುವುದು. ಚಾಮರಸನು ಹೇಳುತ್ತಿರುವುದು ತತ್ತ್ವದ ಕಥೆಯನ್ನು. ಮಮಕಾರ, ಮೋಹಿನಿ, ನಿರಹಂಕಾರ, ಸುಜ್ಞಾನಿ ಎಂಬ ಹೆಸರುಗಳೇ ಅದನ್ನು ಸಾರುತ್ತವೆ. ಹರಿಹರನು ಮನುಷ್ಯನು ಪ್ರಭುವಾದ ದಾರಿಯನ್ನು ಹೇಳಿದರೆ, ಚಾಮರಸನು ಆ ದಾರಿಯು ಮುಟ್ಟುವ ನೆಲೆಯನ್ನು ಹೇಳುತ್ತಾನೆ. ಬೆಟ್ಟವನ್ನು ಏರುವವನ ಆಯಾಸವೂ ನಿಜ, ಶಿಖರದಲ್ಲಿ ಆಯಾಸವಿಲ್ಲದಿರುವುದೂ ನಿಜ.

ಚಾಮರಸನ ಕಾವ್ಯದಲ್ಲಿ ಬಹುಜನರು ಲಕ್ಷಿಸದ ಇನ್ನೊಂದು ಸಂಗತಿಯುಂಟು. ಮಾಯೆಯು ಸೋತು ಹಿಂದಿರುಗಿದ ಮೇಲೆ ಪಾರ್ವತಿಯ ಸಾತ್ತ್ವಿಕಕಳೆಯು ಭೂಮಿಗಿಳಿದು ಬರುವುದು. ಅದೇ ಉಡುತಡಿಯಲ್ಲಿ ಮಹಾದೇವಿಯಕ್ಕನಾಗಿ ಜನಿಸುವುದು. ಎಂದರೆ ಪ್ರಭುವನ್ನು ಸೆಳೆಯಲು ಬಂದ ಮಾಯೆಯೂ, ಪ್ರಭುವಿನ ಸಮ್ಮುಖದಲ್ಲಿ ಶರಣರೆಲ್ಲರ ವಂದನೆಗೆ ಪಾತ್ರಳಾದ ಅಕ್ಕನೂ ಒಂದೇ ಮಹಾಶಕ್ತಿಯ ಎರಡು ಕಳೆಗಳು. ಹೆಣ್ಣೇ ಮಾಯೆ ಎಂಬ ಅಜ್ಞರ ಮಾತಿಗೆ ಈ ಕಾವ್ಯದಲ್ಲಿ ಆಧಾರವಿಲ್ಲ. ಮಾಯೆಯ ನೆಲೆಯು ಹೆಣ್ಣಿನಲ್ಲಿಲ್ಲ, ಹೊನ್ನಿನಲ್ಲಿಲ್ಲ, ಮಣ್ಣಿನಲ್ಲಿಲ್ಲ, ಅವುಗಳನ್ನು ತನ್ನದೆಂದು ಬಾಚಿಕೊಳ್ಳುವ ಮನಸ್ಸಿನ ಹಂಬಲದಲ್ಲಿದೆ ಎಂಬುದು ಪ್ರಭುದೇವರ ಉಪದೇಶದ ತಿರುಳು. ಅಕ್ಕನ ಉಡುತಡಿಯೂ ಪ್ರಭುವಿನ ಬಳ್ಳಿಗಾವಿಯೂ ಒಂದೇ ಶಿಕಾರಿಪುರ ತಾಲೂಕಿಗೆ ಸೇರಿವೆ. ಶಿವಶರಣೆ ಸತ್ಯಕ್ಕನ ಹಿರೇಜಂಬೂರು ಕೂಡ ಅದೇ ತಾಲೂಕಿನಲ್ಲಿದೆ. ಗಂಡು ಹೆಣ್ಣೆಂಬ ಭೇದವು ದೇಹಕ್ಕಲ್ಲದೆ ಅರಿವಿಗಿಲ್ಲವೆಂದು ಬಾಳಿ ತೋರಿದ ಇಷ್ಟು ಜನರನ್ನು ಈ ನೆಲವು ಪಡೆದುದು ನಮ್ಮ ಭಾಗ್ಯವೇ ಸರಿ.

ಲಿಂಗವನ್ನು ಕರಸ್ಥಲದಲ್ಲಿ ಧರಿಸಿದ ಪ್ರಭುದೇವರು ಗುಹೇಶ್ವರನೆಂಬ ಅಂಕಿತದಿಂದ ವಚನಗಳನ್ನು ನುಡಿಯುತ್ತ ನಾಡಿನಲ್ಲಿ ಸಂಚರಿಸಿದರು. ಆ ಸಂಚಾರದ ಪ್ರಸಂಗಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯನೇ ಮೊದಲಾದವರು ಶೂನ್ಯಸಂಪಾದನೆಗಳಲ್ಲಿ ಕ್ರಮವಾಗಿ ಜೋಡಿಸಿಟ್ಟಿದ್ದಾರೆ. ಆ ಒಂದೊಂದು ಪ್ರಸಂಗವೂ ಒಂದೊಂದು ದ್ವಂದ್ವದ ಗಂಟನ್ನು ಬಿಡಿಸುವಂತಹದು.

ತೋಟವನ್ನು ಅಗೆಯುತ್ತಿದ್ದ ಗೊಗ್ಗಯ್ಯನನ್ನು ಕಂಡು ಪ್ರಭುದೇವರು ದೇಹದೊಳಗೂ ಒಂದು ತೋಟವಿರುವುದನ್ನು ತೋರಿಸಿದರು. ದುಡಿಮೆಯು ಹೊರಗಿನದು, ಸಾಧನೆಯು ಒಳಗಿನದು ಎಂದು ಬೇರೆಮಾಡಿದವನಿಗೆ ಈ ಮಾತು ಹಿಡಿಯದು. ಗುದ್ದಲಿ ಹಿಡಿದ ಕೈಗೆ ಅದು ಕೂಡಲೇ ಹಿಡಿಯುವುದು. ಏಕೆಂದರೆ ಕಳೆಯನ್ನು ಕೀಳದೆ, ನೀರನ್ನು ಕಟ್ಟದೆ ಬೆಳೆ ಬಾರದೆಂಬುದು ಎರಡೂ ತೋಟಗಳಿಗೆ ಸಮಾನವಾದ ನಿಯಮ.

ಅಣ್ಣನಾದ ಅಜಗಣ್ಣನ ದೇಹದ ಮುಂದೆ ಕುಳಿತು ಶೋಕಿಸುತ್ತಿದ್ದ ಮುಕ್ತಾಯಕ್ಕನನ್ನು ಪ್ರಭುದೇವರು ಸಂಧಿಸಿದುದು ಎರಡನೆಯ ಪ್ರಸಂಗ. ಅಜಗಣ್ಣನು ತನ್ನ ಅರಿವನ್ನು ಮಾತಿಗೆ ತಾರದೆ ಮೌನದಲ್ಲಿಯೇ ಉಳಿಸಿಕೊಂಡ ಶರಣನು. ಮಾತಿನಿಂದ ತಿಳಿಸುವ ಗುರುವು ತನಗೆ ಬೇಡವೆಂಬ ನಿಲುವಿನಿಂದ ಮುಕ್ತಾಯಕ್ಕನು ಪ್ರಭುದೇವರನ್ನು ನಿಸ್ಸಂಕೋಚವಾಗಿ ಪ್ರಶ್ನಿಸಿದಳು. ನುಡಿ ಮೌನಗಳೆಂಬ ಜೋಡಿಯೇ ಅಲ್ಲಿ ಚರ್ಚೆಗೆ ಬಂದಿತು. ಕಮಲತೆಯನ್ನು ಕಳೆದುಕೊಂಡು ಅಲೆದವರೇ ಅಣ್ಣನನ್ನು ಕಳೆದುಕೊಂಡ ತಂಗಿಯ ಮುಂದೆ ನಿಂತರೆಂಬುದನ್ನು ಹರಿಹರನ ಕಥೆಯನ್ನು ಬಲ್ಲವರು ಮರೆಯಲಾರರು. ಪ್ರಭುದೇವರು ಅವಳ ದಿಟ್ಟತನಕ್ಕೆ ಮುನಿಯಲಿಲ್ಲ, ಅವಳ ಶೋಕವನ್ನು ಹಳಿಯಲಿಲ್ಲ. ಅರಿವುಳ್ಳವರ ಮಾತು ಮೌನಕ್ಕೆ ಭಂಗ ತಾರದೆಂಬುದನ್ನು ಅವಳೊಡನೆ ಮಾತನಾಡಿಯೇ ಮನಗಾಣಿಸಿದರು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಗಳನ್ನು ಕಟ್ಟಿಸುತ್ತ, ದೇವಾಲಯಗಳನ್ನು ನಿರ್ಮಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದರು. ಪ್ರಭುದೇವರು ಅಲ್ಲಿಗೆ ಹೋಗಿ ಅವರನ್ನು ಮಣ್ಣು ಹೊರುವವನೆಂಬಂತೆ ಮಾತನಾಡಿಸಲು, ಶಿಷ್ಯರು ಕಲ್ಲುಗಳನ್ನೆಸೆದರು. ಸಿದ್ಧರಾಮರ ಕೋಪಾಗ್ನಿಯೂ ಹೊರಹೊಮ್ಮಿತು. ಅದಾವುದೂ ಪ್ರಭುವನ್ನು ಸೋಂಕಲಿಲ್ಲ. ಈ ಪ್ರಸಂಗದಿಂದ ಕೆರೆ ಕಟ್ಟುವುದು ವ್ಯರ್ಥವೆಂದು ತಿಳಿಯಕೂಡದು. ಅಂದು ಸುಟ್ಟುಹೋದುದು ಕೆರೆಯಲ್ಲ, ಕಟ್ಟಿದೆನೆಂಬ ಅಭಿಮಾನವು. ಸೊಲ್ಲಾಪುರದ ಕೆರೆಯು ಇಂದಿಗೂ ಇದೆ. ಅದನ್ನು ಕಟ್ಟಿಸಿದವರು ಶಿವಯೋಗಿಯೆಂದು ಪೂಜೆಗೊಳ್ಳುತ್ತಿದ್ದಾರೆ.

ಅನಂತರ ಸಿದ್ಧರಾಮರನ್ನು ಕೂಡಿಕೊಂಡು ಪ್ರಭುದೇವರು ಕಲ್ಯಾಣಕ್ಕೆ ದಯಮಾಡಿಸಿದರು. ಬಸವಣ್ಣನವರು ಆಗ ಒಳಗೆ ಲಿಂಗಪೂಜೆಯಲ್ಲಿ ತಲ್ಲೀನರಾಗಿದ್ದು, ಬರಮಾಡಿಕೊಳ್ಳಲು ಹಡಪದ ಅಪ್ಪಣ್ಣನವರನ್ನು ಕಳುಹಿದರು. ಪ್ರಭುದೇವರು ಒಳಗೆ ಬರಲೊಪ್ಪಲಿಲ್ಲ. ಒಳಗಿರುವ ಲಿಂಗವು ಬೇರೆ, ಬಾಗಿಲಲ್ಲಿ ನಿಂತ ಜಂಗಮವು ಬೇರೆ ಎಂದು ತಿಳಿದವರ ಪೂಜೆಯು ಅರ್ಧದ ಪೂಜೆಯೆಂಬುದನ್ನು ಈ ಪ್ರಸಂಗವು ಎತ್ತಿತೋರಿಸುತ್ತದೆ. ಬಸವಣ್ಣನವರು ಓಡಿಬಂದು ಪಾದಕ್ಕೆರಗಿದರು. ಬಿಜ್ಜಳನ ಭಂಡಾರಿಯೂ ಗಂಗಾಂಬಿಕೆ ನೀಲಾಂಬಿಕೆಯರ ಪತಿಯೂ ಆದ ಒಬ್ಬ ಸಂಸಾರಿಯು ಶೂನ್ಯಸಿಂಹಾಸನವನ್ನು ಅಣಿಗೊಳಿಸಿದರು. ಮನೆಮಠಗಳಿಲ್ಲದ ಒಬ್ಬ ಜಂಗಮರು ಅದನ್ನೇರಿದರು. ಪೀಠವನ್ನು ಕಟ್ಟುವ ಗೃಹಸ್ಥನಿಲ್ಲದೆ ವಿರಾಗಿಯಿಲ್ಲ; ಪೀಠಕ್ಕೆ ಅಂಟದ ವಿರಾಗಿಯಿಲ್ಲದೆ ಗೃಹಸ್ಥನ ಧರ್ಮಕ್ಕೆ ಪೂರ್ಣತೆಯಿಲ್ಲ. ನಾಗವಾಸದವರ ಮಗನು, ತೊಗಲ ವಾದ್ಯವನ್ನು ನುಡಿಸಿದವನು ಶರಣಸಮೂಹಕ್ಕೆ ಅಧ್ಯಕ್ಷನಾದನೆಂಬುದರಿಂದ ಮೇಲು ಕೀಳೆಂಬ ಜೋಡಿಯು ಅಂದೇ ಮುರಿದುಬಿದ್ದಿತು.

ಉಡುತಡಿಯಿಂದ ಎಲ್ಲವನ್ನೂ ತೊರೆದು, ಕೇಶವನ್ನೇ ಉಡುಗೆಯಾಗಿಸಿಕೊಂಡು ಅಕ್ಕನು ಅನುಭವಮಂಟಪಕ್ಕೆ ಬಂದಾಗ ಪ್ರಭುದೇವರು ಅತ್ಯಂತ ನಿಷ್ಠುರವಾಗಿ ಪರೀಕ್ಷಿಸಿದರು. ಗಂಡನ ಕುರುಹನ್ನು ಕೇಳಿದರು. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನೇಕೆ ಮುಚ್ಚಿಕೊಂಡೆಯೆಂದು ಕೇಳಿದರು. ಆ ಮರೆಯು ತನ್ನ ಲಜ್ಜೆಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಅರ್ಥದ ಅವಳ ಉತ್ತರವನ್ನು ಕೇಳಿ ಸಭೆಯು ತಲೆಬಾಗಿತು. ಬತ್ತಲೆ ಉಡುಗೆ, ಲಜ್ಜೆ ನಿರ್ಲಜ್ಜೆ ಎಂಬ ಜೋಡಿಗಳನ್ನು ದಾಟಿದವಳಲ್ಲಿಯೂ ಇತರರ ದೌರ್ಬಲ್ಯದ ಮೇಲಣ ಕರುಣೆಯು ಉಳಿದಿದ್ದಿತು. ದ್ವಂದ್ವವನ್ನು ದಾಟಿದವರನ್ನು ಗುರುತಿಸುವ ಒರೆಗಲ್ಲು ಇದೇ ಆಗಿರುವುದು. ಮಾಯೆಗೆ ಬೆನ್ನು ತಿರುಗಿಸಿದ ಪ್ರಭುದೇವರೇ ಅಕ್ಕನ ಹಿರಿಮೆಯನ್ನು ಸಭೆಗೆ ಸಾರಿದರು.

ಗೋರಕ್ಷನೆಂಬ ಸಿದ್ಧನು ಸಾಧನೆಯಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡಿದ್ದನು. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲೆಂದು ಸದ್ದುಮಾಡುತ್ತಿದ್ದಿತು. ಪ್ರಭುದೇವರ ಮೇಲೆ ಕತ್ತಿಯನ್ನು ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಯಿತು. ಸಾವಿಗೆ ಎದುರಾಗಿ ನಿಂತವನಲ್ಲಿ ಸಾವಿನ ಭಯವು ಇನ್ನೂ ಉಳಿದಿದೆಯೆಂದೇ ಅರ್ಥ. ಸಾವು ಬದುಕುಗಳ ಗೆರೆಯೇ ಅಳಿದವನಿಗೆ ಗಟ್ಟಿಯಾಗಬೇಕಾದ ಅಗತ್ಯವಿಲ್ಲ. ಇದನ್ನು ಕಂಡು ಗೋರಕ್ಷನು ಶರಣಾದನು. ಕೊನೆಗೆ ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂದು ಪರಂಪರೆಯು ಹೇಳುತ್ತದೆ.

ಎಂಟುನೂರು ವರ್ಷಗಳಿಗೂ ಮಿಕ್ಕಿದ ಈ ಚರಿತ್ರೆಯು ಇನ್ನೂ ಹಳತಾಗಿಲ್ಲ. ವಿಮರ್ಶಕರಾದ ಡಿ. ಆರ್. ನಾಗರಾಜರು ಅಲ್ಲಮಪ್ರಭುವನ್ನೂ ಶೈವಪ್ರತಿಭೆಯನ್ನೂ ಕುರಿತು ದೊಡ್ಡ ಗ್ರಂಥವನ್ನೇ ಬರೆದರು. 2017ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ ಅಲ್ಲಮನೆಂಬ ಚಲನಚಿತ್ರವೂ ಬಂದಿತು. ನಟ ಧನಂಜಯರು ಅಲ್ಲಮನ ಪಾತ್ರವನ್ನು ವಹಿಸಿದರು. ನಮ್ಮ ಚಲನಚಿತ್ರಗಳಲ್ಲಿ ನಾಯಕನೊಬ್ಬ, ಖಳನೊಬ್ಬ ಎಂಬ ಜೋಡಿಯು ಬೇರೂರಿರುವುದನ್ನು ಎಲ್ಲರೂ ಬಲ್ಲರು. ಅಲ್ಲಮನ ಕಥೆಗೆ ಖಳನನ್ನು ಎಲ್ಲಿಂದ ತರಬೇಕು? ಮಾಯೆಯನ್ನು ಖಳಳೆನ್ನೋಣವೆಂದರೆ ಅವಳು ದೇವಿಯ ಕಳೆ. ಸಿದ್ಧರಾಮರೂ ಗೋರಕ್ಷನೂ ಎದುರಾಳಿಗಳಾಗಿ ಬಂದು ಆಪ್ತರಾಗಿ ಹೋದವರು. ಎದುರಾಳಿಯೇ ಇಲ್ಲದ ವೀರನ ಕಥೆಯಿದು.

ಇಲ್ಲಿ ಒಂದು ಶಂಕೆಯು ಉದ್ಭವಿಸಬಹುದು. ಎಲ್ಲ ಜೋಡಿಗಳೂ ಅಳಿಯಬೇಕೆಂದರೆ ಸತ್ಯ ಅಸತ್ಯ, ನ್ಯಾಯ ಅನ್ಯಾಯಗಳ ಭೇದವೂ ಅಳಿಯಬೇಕೇ? ಕಳ್ಳನೂ ಕಾಯಕದವನೂ ಒಂದೇ ಎನ್ನಬೇಕೇ? ಹಾಗಲ್ಲ. ಪ್ರಭುದೇವರು ಡಾಂಭಿಕತೆಯನ್ನು ಖಂಡಿಸಿದಷ್ಟು ತೀಕ್ಷ್ಣವಾಗಿ ಖಂಡಿಸಿದವರು ವಿರಳ. ಹೆಣ್ಣು ಗಂಡು, ಉತ್ತಮಕುಲ ಹೀನಕುಲ, ಸಂಸಾರಿ ವಿರಾಗಿ ಎಂಬ ಜೋಡಿಗಳು ಹುಟ್ಟಿನಿಂದಲೋ ವೇಷದಿಂದಲೋ ಬಂದವು. ಅವುಗಳ ಮೇಲೆ ಮನುಷ್ಯನು ಮೇಲುಕೀಳುಗಳನ್ನು ಹೊರಿಸಿದನು. ಸತ್ಯಾಸತ್ಯಗಳಾದರೋ ನಡತೆಯಿಂದ ಬರುವಂತಹವು. ಮೊದಲಿನವನ್ನು ಅಳಿಸಬೇಕೆಂದು ನಮಗೆ ತಿಳಿಸಿಕೊಟ್ಟುದೇ ಎರಡನೆಯದರ ವಿವೇಕವು. ಹುಟ್ಟಿನ ಭೇದವನ್ನು ಬಿಗಿಯಾಗಿ ಹಿಡಿದು ನಡತೆಯ ಭೇದವನ್ನು ಸಡಿಲಬಿಡುವುದೇ ಲೋಕದ ರೋಗ. ಪ್ರಭುದೇವರ ಚಿಕಿತ್ಸೆಯು ಇದಕ್ಕೆ ಸರಿಯಾಗಿ ವಿರುದ್ಧವಾದುದು.

ಈಗ ನಮ್ಮ ಮನೆಗಳ ಕಡೆಗೆ ತಿರುಗೋಣ. ಗಂಡುಮಗು ಹುಟ್ಟಿದರೆ ಹಂಚುವ ಸಕ್ಕರೆಯು ಹೆಣ್ಣುಮಗು ಹುಟ್ಟಿದಾಗ ಏಕೆ ಕಡಿಮೆಯಾಗುವುದು? ಎರಡು ಕೊರಳಿಗೂ ಕಟ್ಟುವ ಲಿಂಗವು ಒಂದೇ ಅಲ್ಲವೇ? ಜಂಗಮನಿಗೆ ಹೊಸ್ತಿಲ ಒಳಗೆ ಮಣೆ ಹಾಕುವವರು ಹೊಲದಲ್ಲಿ ದುಡಿದು ಬಂದವನಿಗೆ ಹೊರಜಗುಲಿಯನ್ನೇ ತೋರಿಸಿದರೆ ಒಳಗಿನ ಪೂಜೆಯು ಯಾರಿಗೆ ಮುಟ್ಟೀತು? ಒಳಪಂಗಡದ ಹೆಸರು ಹಿಡಿದು ಸಂಬಂಧವನ್ನು ನಿರಾಕರಿಸುವವರು, ಗುರುಪರಂಪರೆ ವಿರಕ್ತಪರಂಪರೆಗಳೆಂದು ವಾದಿಸಿ ಒಂದೇ ಊರಿನಲ್ಲಿ ಮುಖ ತಿರುಗಿಸುವವರು ಬಳ್ಳಿಗಾವಿಯ ಕೋಡಿಯಮಠದ ಶಾಸನವನ್ನು ಒಮ್ಮೆ ಓದಬೇಕು. ಕ್ಷಪಣಕನಿಗೂ ಅನ್ನವಿಟ್ಟ ಊರಿನಲ್ಲಿ ಪ್ರಭುದೇವರು ಹುಟ್ಟಿದರು. ನಾವು ಆ ಊರಿನ ನೆರೆಯವರು.

ದುಃಖದಲ್ಲಿರುವ ಗೃಹಸ್ಥರಿಗೂ ಒಂದು ಮಾತು. ಸಂಸಾರದ ಪ್ರೀತಿಯು ಶಿವಪಥಕ್ಕೆ ಹಗೆಯೆಂದು ತಿಳಿದು ಎದೆಗುಂದಬೇಡಿರಿ. ಅಗಲಿದವರ ನೆನಪು ಬಂದಾಗ ಅದನ್ನು ಪಾಪವೆಂದು ಅದುಮದೆ, ಕರಸ್ಥಲದ ಲಿಂಗದ ಮುಂದೆ ಇಡಿರಿ. ಉಗುರು ನೆಲವನ್ನು ಕೆರೆಯುತ್ತಿರಲಿ. ಆದರೆ ಕಣ್ಣು ಅಲ್ಲಿ ಮಿನುಗುವ ಕಳಶವನ್ನು ಕಾಣಲಿ. ಬಳ್ಳಿಗಾವಿಗೆ ಹೋದಾಗ ಕೇದಾರೇಶ್ವರನ ದರ್ಶನ ಮಾಡಿಕೊಂಡು ಹೊರಗೆ ಬಂದು, ಊರಂಚಿನ ಯಾವುದಾದರೊಂದು ಮರದ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಇಂತಹುದೇ ಒಂದು ನೆರಳಿನಲ್ಲಿ, ಎಲ್ಲವನ್ನೂ ಕಳೆದುಕೊಂಡೆನೆಂದು ಕುಳಿತಿದ್ದ ಒಬ್ಬ ಮದ್ದಳೆಗಾರನು ಪ್ರಭುವಾಗಿ ಎದ್ದನೆಂಬುದನ್ನು ನೆನೆಯಿರಿ. ಅಷ್ಟು ನೆನೆದರೆ ಅವರ ಚರಿತ್ರೆಯನ್ನು ಓದಿದ ಫಲವು ಸಂದಂತೆಯೇ ಸರಿ.